ಹಸಿವಿನ ನೆಲೆ: ಜಠರದಿಂದ ಮಿದುಳಿನವರೆಗಿನ ಶೋಧದ ಚರಿತ್ರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಕಪ್ಪುಮಣ್ಣಿನ ಸೀಮೆ ಬಿಳಿಜೋಳಕ್ಕೂ ತೊಗರಿಗೂ ಹೆಸರಾದುದು. ಗೊಬ್ಬೂರದಂತಹ ಊರುಗಳಲ್ಲಿ ಮಳೆ ಕೈಕೊಟ್ಟ ವರ್ಷ ರೊಟ್ಟಿಯ ಬುಟ್ಟಿ ಬರಿದಾಗುತ್ತಿದ್ದುದು ಹಿರಿಯರ ನೆನಪಿನಲ್ಲಿ ಉಳಿದಿರುವ ಸಂಗತಿ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬಹಮನಿ ಅರಸರ ಕಾಲಕ್ಕೆ ಬಂದೆರಗಿದ ದುರ್ಗಾದೇವಿ ಬರವನ್ನೂ 1876-78ರ ಮಹಾ ಬರವನ್ನೂ ದಖ್ಖನಿನ ಇತಿಹಾಸವು ಮರೆತಿಲ್ಲ. ಆದ್ದರಿಂದ ಈ ಪ್ರದೇಶದಲ್ಲಿ ಹಸಿವು ಎಂಬ ಮಾತಿಗೆ ಮೊದಲು ತೋರುವ ಅರ್ಥ ಅನ್ನದ ಅಭಾವ. ಇತಿಹಾಸಕಾರರು ಹಸಿವನ್ನು ಅಧ್ಯಯನ ಮಾಡಿದ್ದು ಬಹುಮಟ್ಟಿಗೆ ಈ ಅರ್ಥದಲ್ಲಿಯೇ.

ಹಸಿವಿಗೆ ಇನ್ನೊಂದು ಅರ್ಥವೂ ಉಂಟು. ಉಣ್ಣಲು ಇದ್ದಾಗಲೂ ಉಣ್ಣಬೇಕೆನಿಸುವುದು ಏಕೆ, ಉಂಡ ಬಳಿಕ ಸಾಕೆನಿಸುವುದು ಹೇಗೆ, ಎದುರಿಗೆ ತಟ್ಟೆಯಿದ್ದೂ ಕೆಲವೊಮ್ಮೆ ಅನ್ನ ಸೇರದಿರುವುದು ಯಾವ ಕಾರಣದಿಂದ ಎಂಬ ಪ್ರಶ್ನೆಗಳು ಇದಕ್ಕೆ ಸೇರಿದವು. ಕನ್ನಡದಲ್ಲಿ ಹಸಿವು, ಬಾಯಿರುಚಿ, ತಣಿವು ಎಂಬ ಮೂರು ಬೇರೆ ಬೇರೆ ಪದಗಳಿರುವುದನ್ನು ನೋಡಿದರೆ, ಉಣ್ಣುವ ಕ್ರಿಯೆಯಲ್ಲಿ ಒಂದಕ್ಕಿಂತ ಹೆಚ್ಚು ಪ್ರೇರಣೆಗಳಿವೆ ಎಂಬ ಅರಿವು ಜನರಿಗೆ ಮೊದಲಿನಿಂದಲೂ ಇದ್ದಿತೆಂದು ತಿಳಿಯುತ್ತದೆ. ಅಕ್ಕಮಹಾದೇವಿಯು ತನ್ನ ಒಂದು ವಚನದಲ್ಲಿ ಹಸಿವು ತೃಷೆಗಳನ್ನು ಎದುರಿಗೆ ನಿಂತ ವ್ಯಕ್ತಿಗಳೆಂಬಂತೆ ಸಂಬೋಧಿಸುತ್ತಾಳೆ. ದೇಹದೊಳಗಿನಿಂದಲೇ ಬರುವ, ಆದರೆ ಇಚ್ಛೆಗೆ ಒಳಪಡದ ಶಕ್ತಿಯಾಗಿ ಹಸಿವನ್ನು ಕಂಡ ದೃಷ್ಟಿ ಇದು. ಈ ಶಕ್ತಿಯ ನೆಲೆ ಎಲ್ಲಿದೆ ಎಂಬುದನ್ನು ಪ್ರಯೋಗದಿಂದ ಹುಡುಕುವ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು. ಅದರ ಮುಖ್ಯ ಘಟ್ಟವೊಂದರಲ್ಲಿ ಭಾರತೀಯ ವಿಜ್ಞಾನಿಯೊಬ್ಬರು ಮುಂದಾಳಾಗಿದ್ದರು. ಅದರ ಮುಂದಿನ ಅಧ್ಯಾಯದ ಒಂದು ಭಾಗ ಬೆಂಗಳೂರಿನಲ್ಲಿ ರಚಿತವಾಯಿತು. ಕರ್ನಾಟಕದ ವಿಜ್ಞಾನ ಚರಿತ್ರೆಯಲ್ಲಿ ಈ ಭಾಗಕ್ಕೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ.

ಜಠರವೇ ಹಸಿವಿನ ಮೂಲವೆಂಬ ನಂಬಿಕೆ

ಹಸಿವು ಹೊಟ್ಟೆಯಲ್ಲಿ ಹುಟ್ಟುತ್ತದೆ ಎಂಬುದು ಎಲ್ಲರ ಅನುಭವ. ಆಯುರ್ವೇದವು ಅದನ್ನು ಜಠರಾಗ್ನಿ ಎಂದು ಕರೆಯಿತು. ಪಾಶ್ಚಾತ್ಯ ಶರೀರಕ್ರಿಯಾ ವಿಜ್ಞಾನವೂ ಬಹುಕಾಲ ಇದೇ ಅಭಿಪ್ರಾಯವನ್ನು ಹೊಂದಿತ್ತು. ಅಮೆರಿಕದ ವಾಲ್ಟರ್ ಕ್ಯಾನನ್ ಮತ್ತು ಅವರ ವಿದ್ಯಾರ್ಥಿ ಎ. ಎಲ್. ವಾಶ್‌ಬರ್ನ್ 1912ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಆಧಾರ ಒದಗಿಸಿತು. ವಾಶ್‌ಬರ್ನ್ ರಬ್ಬರಿನ ಬಲೂನೊಂದನ್ನು ನುಂಗಿ, ಅದರ ಮೂಲಕ ತಮ್ಮ ಜಠರದ ಸಂಕೋಚನಗಳನ್ನು ದಾಖಲಿಸಿದರು. ಹಸಿವಿನ ಸಂಕಟ ತೋರಿದ ವೇಳೆಗೂ ಜಠರ ಹಿಂಡಿದ ವೇಳೆಗೂ ಹೊಂದಾಣಿಕೆ ಕಂಡಿತು. ಬರಿದಾದ ಜಠರದ ಹಿಂಡುವಿಕೆಯೇ ಹಸಿವು ಎಂದು ಕ್ಯಾನನ್ ತೀರ್ಮಾನಿಸಿದರು.

ಆದರೆ ಶಸ್ತ್ರಚಿಕಿತ್ಸೆಯಿಂದ ಜಠರವನ್ನು ತೆಗೆದುಹಾಕಿದ ರೋಗಿಗಳಿಗೂ ಹಸಿವಾಗುತ್ತದೆ ಎಂಬ ಅಂಶ 1931ರಲ್ಲಿ ವರದಿಯಾಯಿತು. ಜಠರವಿಲ್ಲದೆಯೂ ಹಸಿವು ಉಳಿಯುವುದಾದರೆ ಅದರ ಮೂಲ ಬೇರೆಡೆ ಇರಬೇಕು. ಇತ್ತ ಮಿದುಳಿನ ತಳಭಾಗದ ಗಡ್ಡೆಗಳಿಂದ ಕೆಲವರಲ್ಲಿ ವಿಪರೀತ ಬೊಜ್ಜು ಬೆಳೆಯುವುದನ್ನು ವೈದ್ಯರು ಗುರುತಿಸಿದ್ದರು; ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಕ್ 1901ರಲ್ಲಿ ವರ್ಣಿಸಿದ ಪ್ರಕರಣ ಅಂತಹದು. ದೋಷ ಪಿಟ್ಯೂಟರಿ ಗ್ರಂಥಿಯದೋ ಅದರ ಮೇಲಿರುವ ಹೈಪೊಥಲಾಮಸ್‌ನದೋ ಎಂಬ ವಿವಾದ ಹಲವು ದಶಕ ನಡೆಯಿತು. 1940ರಲ್ಲಿ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಅವರು ಪಿಟ್ಯೂಟರಿಗೆ ಧಕ್ಕೆಯಾಗದಂತೆ ಇಲಿಗಳ ಹೈಪೊಥಲಾಮಸ್‌ನ ಸಣ್ಣ ಭಾಗವನ್ನು ವಿದ್ಯುತ್ತಿನಿಂದ ನಾಶಪಡಿಸಿ, ಅವುಗಳಲ್ಲಿ ಬೊಜ್ಜು ಉಂಟಾಗುವುದನ್ನು ತೋರಿಸಿದರು. ಹೈಪೊಥಲಾಮಸ್‌ನ ಮಧ್ಯಭಾಗಕ್ಕೆ ಹಾನಿಯಾದ ಪ್ರಾಣಿಗಳು ಮಿತಿಯಿಲ್ಲದೆ ತಿನ್ನುತ್ತವೆ ಎಂಬುದು ಮುಂದೆ ಜಾನ್ ಬ್ರೊಬೆಕ್ ಮೊದಲಾದವರ ಅಧ್ಯಯನಗಳಿಂದ ಖಚಿತವಾಯಿತು. ‘ಸಾಕು’ ಎನ್ನುವ ಭಾಗ ದೊರೆತಂತಾಯಿತು; ‘ಬೇಕು’ ಎನ್ನುವ ಭಾಗ ಇನ್ನೂ ದೊರೆತಿರಲಿಲ್ಲ.

ಆನಂದ್ ಅವರ ಶೋಧ

ಬಾಲಕೃಷ್ಣ ಆನಂದ್ (1917-2007) ಲಾಹೋರಿನಲ್ಲಿ ಜನಿಸಿದವರು. ದೇಶವಿಭಜನೆಯ ನಂತರ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅವರು ಫೆಲೋಷಿಪ್ ಪಡೆದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಬ್ರೊಬೆಕ್ ಅವರ ಪ್ರಯೋಗಾಲಯವನ್ನು ಸೇರಿದರು. ತಲೆಬುರುಡೆಯ ನಿರ್ದಿಷ್ಟ ಬಿಂದುಗಳಿಂದ ಅಳತೆ ಮಾಡಿ ಮಿದುಳಿನ ಆಳದ ಯಾವುದೇ ತಾಣಕ್ಕೆ ಸೂಕ್ಷ್ಮ ವಿದ್ಯುದಗ್ರವನ್ನು ಇಳಿಸಬಲ್ಲ ಉಪಕರಣವನ್ನು ಬಳಸಿ, ಇಲಿ ಮತ್ತು ಬೆಕ್ಕುಗಳ ಹೈಪೊಥಲಾಮಸ್ ಅನ್ನು ಅವರು ಬಿಂದು ಬಿಂದುವಾಗಿ ಪರೀಕ್ಷಿಸಿದರು. ಎರಡೂ ಪಾರ್ಶ್ವಗಳಲ್ಲಿ ಅದರ ಹೊರಭಾಗದ ಒಂದು ಚಿಕ್ಕ ಪ್ರದೇಶ ನಾಶವಾದಾಗ ಪ್ರಾಣಿಗಳು ಆಹಾರವನ್ನು ಸಂಪೂರ್ಣವಾಗಿ ತ್ಯಜಿಸಿದವು. ಎದುರಿಗೆ ತಿನಿಸು ಇದ್ದರೂ ಮುಟ್ಟದೆ ಉಪವಾಸದಿಂದ ಸತ್ತವು. ಮಧ್ಯಭಾಗಕ್ಕೆ ಹಾನಿಯಾಗಿ ಅತಿಯಾಗಿ ತಿನ್ನುತ್ತಿದ್ದ ಪ್ರಾಣಿಗಳು ಸಹ ಈ ಹೊರಭಾಗ ನಾಶವಾದೊಡನೆ ತಿನ್ನುವುದನ್ನು ನಿಲ್ಲಿಸಿದವು. 1951ರಲ್ಲಿ ಪ್ರಕಟವಾದ ಆನಂದ್–ಬ್ರೊಬೆಕ್ ಲೇಖನಗಳು ಈ ಪ್ರದೇಶವನ್ನು ‘ಆಹಾರ ಸೇವನಾ ಕೇಂದ್ರ’ ಎಂದು ಕರೆದವು. ಮಧ್ಯಭಾಗವು ‘ತೃಪ್ತಿ ಕೇಂದ್ರ’ ಎನಿಸಿಕೊಂಡಿತು. ಸೇವನಾ ಕೇಂದ್ರವು ತಿನ್ನುವಂತೆ ಪ್ರೇರೇಪಿಸುತ್ತದೆ, ತೃಪ್ತಿ ಕೇಂದ್ರವು ಅದಕ್ಕೆ ಕಡಿವಾಣ ಹಾಕುತ್ತದೆ ಎಂಬ ಈ ನಿರೂಪಣೆ ಮುಂದಿನ ಹಲವು ದಶಕಗಳ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿತು.

ಆನಂದ್ ಸ್ವದೇಶಕ್ಕೆ ಮರಳಿ ಕೆಲಸವನ್ನು ಮುಂದುವರಿಸಿದರು. ಎಸ್. ದುವಾ ಮೊದಲಾದವರೊಡನೆ 1955ರಲ್ಲಿ ಪ್ರಕಟಿಸಿದ ಅಧ್ಯಯನಗಳು ಬೆಕ್ಕು ಮತ್ತು ಕೋತಿಗಳಲ್ಲಿಯೂ ಇದೇ ವ್ಯವಸ್ಥೆಯಿದೆ ಎಂದು ತೋರಿಸಿದವು. 1956ರಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದಾಗ ಆನಂದ್ ಅಲ್ಲಿಯ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. 1963ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು.

ಕೇಂದ್ರಕ್ಕೆ ಸುದ್ದಿ ತಲಪುವ ಬಗೆ

ಮಿದುಳಿನಲ್ಲಿ ಒಂದು ಕೇಂದ್ರವಿದೆ ಎಂದಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ದೇಹಕ್ಕೆ ಆಹಾರ ಬೇಕೆಂಬುದು ಆ ಕೇಂದ್ರಕ್ಕೆ ತಿಳಿಯುವುದು ಹೇಗೆ? ಅಮೆರಿಕದ ಜೀನ್ ಮೇಯರ್ ರಕ್ತದ ಗ್ಲೂಕೋಸಿನ ಬಳಕೆಯೇ ಸೂಚನೆ ಎಂದರು, ಇಂಗ್ಲೆಂಡಿನ ಜಿ. ಸಿ. ಕೆನೆಡಿ 1953ರಲ್ಲಿ ಶೇಖರವಾದ ಕೊಬ್ಬೇ ಸೂಚನೆ ಕಳುಹಿಸುತ್ತದೆ ಎಂದರು. ದೆಹಲಿಯ ತಂಡವು ಈ ವಾದಗಳನ್ನು ನೇರವಾಗಿ ಮಿದುಳಿನಲ್ಲಿಯೇ ಪರೀಕ್ಷಿಸಲು ಮುಂದಾಯಿತು. ಆನಂದ್, ಜಿ. ಎಸ್. ಛೀನಾ ಮತ್ತು ಬಲದೇವ್ ಸಿಂಗ್ 1962ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ರಕ್ತದ ಗ್ಲೂಕೋಸಿನ ಏರಿಳಿತದೊಡನೆ ಈ ಕೇಂದ್ರಗಳ ವಿದ್ಯುತ್ ಚಟುವಟಿಕೆ ಬದಲಾಗುವುದನ್ನು ವರದಿ ಮಾಡಿತು. 1964ರಲ್ಲಿ ಒಂದೊಂದೇ ನರಕೋಶದ ಮಟ್ಟದಲ್ಲಿ ಇದೇ ಪರೀಕ್ಷೆ ನಡೆಯಿತು. ಅದೇ ವರ್ಷ ಜಪಾನಿನ ಊಮುರಾ ಅವರ ತಂಡವೂ ಸಂಬಂಧಿಸಿದ ಫಲಿತಾಂಶಗಳನ್ನು ಪ್ರಕಟಿಸಿತು.

ಈ ಘಟ್ಟದಲ್ಲಿಯೇ ಕರ್ನಾಟಕಕ್ಕೆ ಸಂಬಂಧಿಸಿದ ಕೆ. ಎನ್. ಶರ್ಮಾ ಅವರ ಹೆಸರು ಕಾಣಿಸಿಕೊಳ್ಳುತ್ತದೆ. ಶರ್ಮಾ, ಆನಂದ್, ದುವಾ ಮತ್ತು ಸಿಂಗ್ 1961ರಲ್ಲಿ ಪ್ರಕಟಿಸಿದ ಲೇಖನದ ವಿಷಯ ಜಠರದ ಪಾತ್ರ. ಜಠರವನ್ನು ಬಲೂನಿನಿಂದ ಹಿಗ್ಗಿಸಿದಾಗ ತೃಪ್ತಿ ಕೇಂದ್ರದ ವಿದ್ಯುತ್ ಚಟುವಟಿಕೆ ಹೆಚ್ಚುವುದನ್ನು ಅವರು ತೋರಿಸಿದರು. ಕ್ಯಾನನ್ ಅವರ ಬಲೂನು ಐವತ್ತು ವರ್ಷಗಳ ನಂತರ ಬೇರೆ ಅರ್ಥದಲ್ಲಿ ಮರಳಿ ಬಂದಿತು. ಹಸಿವಿನ ಒಡೆತನವನ್ನು ಕಳೆದುಕೊಂಡಿದ್ದ ಜಠರಕ್ಕೆ ಈಗ ಸುದ್ದಿ ತಲಪಿಸುವ ಕೆಲಸ ಒದಗಿತು. ಮರುವರ್ಷ ಅಮೆರಿಕದ ಇ. ಎಸ್. ನ್ಯಾಸೆಟ್ ಅವರೊಡನೆ ಶರ್ಮಾ ಪ್ರಕಟಿಸಿದ ಅಧ್ಯಯನವು ಒಂದು ಹೆಜ್ಜೆ ಮುಂದೆ ಹೋಯಿತು. ಕರುಳಿನ ಒಳಗೆ ಪೋಷಕ ದ್ರಾವಣಗಳನ್ನು ಹರಿಸಿ, ಕರುಳಿನಿಂದ ಹೊರಡುವ ನರಗಳ ವಿದ್ಯುತ್ ಸ್ಪಂದನವನ್ನು ಅದರಲ್ಲಿ ದಾಖಲಿಸಲಾಯಿತು. ಗ್ಲೂಕೋಸ್ ಮತ್ತು ಅಮೈನೊ ಆಮ್ಲಗಳಿಗೆ ನರಗಳು ಪ್ರತಿಕ್ರಿಯಿಸಿದವು. ಕರುಳು ತನ್ನೊಳಗೆ ಬಂದುದರ ಗಾತ್ರವನ್ನಷ್ಟೇ ಅಲ್ಲದೆ ಅದರ ಗುಣವನ್ನೂ ಗುರುತಿಸಬಲ್ಲದು ಎಂಬ ಸೂಚನೆ ಇದರಿಂದ ದೊರೆಯಿತು.

ಬೆಂಗಳೂರಿನ ಅಧ್ಯಾಯ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅದೇ ವರ್ಷ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜೂ ಆರಂಭಗೊಂಡಿತೆಂಬುದನ್ನು ಇಲ್ಲಿ ನೆನೆಯಬಹುದು. ರಾಜ್ಯದಲ್ಲಿ ವೈದ್ಯಶಿಕ್ಷಣ ವಿಸ್ತರಿಸುತ್ತಿದ್ದ ಕಾಲ ಅದು. ಹೊಸ ಕಾಲೇಜೊಂದರ ಶರೀರಕ್ರಿಯಾ ವಿಭಾಗವೆಂದರೆ ಬೋಧನೆಯ ಹೊರೆಯೇ ಹೆಚ್ಚು. ಸಂಶೋಧನೆಗೆ ಉಪಕರಣಗಳನ್ನು ಹೊಂದಿಸುವುದೂ ಸುಲಭವಲ್ಲ. ಸೇಂಟ್ ಜಾನ್ಸ್‌ನಲ್ಲಿ ಶರ್ಮಾ ಮತ್ತು ಎಸ್. ದುವಾ-ಶರ್ಮಾ ಅವರು ಹಸಿವಿನ ಸಂಶೋಧನೆಯನ್ನು ಮುಂದುವರಿಸಿದರು.

1967ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನ ಸಂಘವು ಹೊರತಂದ ಬೃಹತ್ ಕೈಪಿಡಿಯ ಅನ್ನನಾಳ ಸಂಪುಟದಲ್ಲಿ ಜೀರ್ಣಾಂಗಗಳ ಸಂವೇದಕಗಳನ್ನು ಕುರಿತ ಅಧ್ಯಾಯವನ್ನು ಬರೆದವರು ಶರ್ಮಾ. ನಾಯಿಯ ಮಿದುಳಿನ ಪ್ರತಿಯೊಂದು ಭಾಗದ ನೆಲೆಯನ್ನೂ ಅಳತೆಯೊಡನೆ ಸೂಚಿಸುವ ನಕ್ಷಾಗ್ರಂಥವನ್ನು ದುವಾ-ಶರ್ಮಾ, ಶರ್ಮಾ ಹಾಗೂ ಅಮೆರಿಕದ ಎಚ್. ಎಲ್. ಜೇಕಬ್ಸ್ ಸಿದ್ಧಪಡಿಸಿದರು, 1970ರಲ್ಲಿ ಎಂ.ಐ.ಟಿ. ಮುದ್ರಣಾಲಯ ಅದನ್ನು ಪ್ರಕಟಿಸಿತು. ಇಂತಹ ನಕ್ಷೆಯಿಲ್ಲದೆ ಮಿದುಳಿನ ಆಳದಲ್ಲಿ ಪ್ರಯೋಗ ನಡೆಸುವುದು ಕತ್ತಲಲ್ಲಿ ತಡಕಾಡಿದಂತೆ. ಹೊಸ ಸಿದ್ಧಾಂತವನ್ನು ಮಂಡಿಸಿದ ಗ್ರಂಥ ಅದಲ್ಲ. ಇತರರ ಸಂಶೋಧನೆಗೆ ದಾರಿ ಮಾಡಿಕೊಟ್ಟ ಸಾಧನ.

ಈ ತಂಡದ ಚಿಂತನೆಯ ತಿರುಳು ರುಚಿ ಮತ್ತು ಪೋಷಣೆಗಳ ಸಂಬಂಧ. ಆಹಾರವನ್ನು ಪ್ರಾಣಿಯು ರುಚಿಗಾಗಿ ತಿನ್ನುತ್ತದೆಯೋ ಶಕ್ತಿಗಾಗಿ ತಿನ್ನುತ್ತದೆಯೋ ಎಂಬ ಪ್ರಶ್ನೆಯನ್ನು ಜೇಕಬ್ಸ್ ಮತ್ತು ಶರ್ಮಾ 1969ರ ತಮ್ಮ ಲೇಖನದಲ್ಲಿ ಚರ್ಚಿಸಿದರು. 1977ರಲ್ಲಿ ಪ್ರಕಟವಾದ, ವಿ. ಗೋಪಾಲ್ ಅವರೂ ಸಹಲೇಖಕರಾಗಿದ್ದ ಇನ್ನೊಂದು ಅಧ್ಯಯನದಲ್ಲಿ ಜಠರದ ಸ್ಥಿತಿಯು ರುಚಿಯ ಸಂವೇದನೆಯನ್ನೇ ಮಾರ್ಪಡಿಸುತ್ತದೆ ಎಂಬುದಕ್ಕೆ ವರ್ತನೆಯ ಮತ್ತು ಶರೀರಕ್ರಿಯೆಯ ಸಾಕ್ಷ್ಯಗಳನ್ನು ಮಂಡಿಸಲಾಯಿತು. ಹಸಿದಾಗ ಒಣರೊಟ್ಟಿಯೂ ಸವಿಯೆನಿಸುವುದು, ಹೊಟ್ಟೆ ತುಂಬಿದ ಮೇಲೆ ಹೋಳಿಗೆಯೂ ಬೇಡವಾಗುವುದು ಎಲ್ಲರೂ ಬಲ್ಲ ಸಂಗತಿ. ಅದಕ್ಕೆ ನರಮಂಡಲದಲ್ಲಿ ಆಧಾರವಿದೆಯೆಂಬುದನ್ನು ಈ ಬಗೆಯ ಕೆಲಸ ಮುಂದಿಟ್ಟಿತು. ಹಸಿವಿನ ನಿಯಂತ್ರಣ ಒಂದೇ ತಾಣದ ಕೆಲಸವಲ್ಲ, ನಾಲಗೆ, ಜಠರ, ಕರುಳು, ರಕ್ತ ಮತ್ತು ಮಿದುಳು ಹಲವು ಹಂತಗಳಲ್ಲಿ ನಡೆಸುವ ಸಂವಾದ ಎಂಬ ನಿಲುವು ಬೆಂಗಳೂರಿನ ಬರಹಗಳಲ್ಲಿ ಸ್ಪಷ್ಟವಾಗಿದೆ.

ಕೇಂದ್ರ ಕಲ್ಪನೆಯ ಪರಿಷ್ಕರಣ

ಅದೇ ವೇಳೆಗೆ ‘ಕೇಂದ್ರ’ ಎಂಬ ಕಲ್ಪನೆಯೇ ಟೀಕೆಗೆ ಗುರಿಯಾಗಿತ್ತು. ಸೇವನಾ ಕೇಂದ್ರ ನಾಶವಾದ ಇಲಿಗಳಿಗೆ ನಳಿಕೆಯ ಮೂಲಕ ಆಹಾರ ಕೊಟ್ಟು ಬದುಕಿಸಿಕೊಂಡರೆ ಅವು ಕಾಲಕ್ರಮದಲ್ಲಿ ತಾವಾಗಿಯೇ ತಿನ್ನತೊಡಗುತ್ತವೆ ಎಂಬುದನ್ನು ಟೈಟಲ್‌ಬಾಮ್ ಮತ್ತು ಅವರ ಸಹೋದ್ಯೋಗಿಗಳು 1954 ಮತ್ತು 1962ರ ಲೇಖನಗಳಲ್ಲಿ ತೋರಿಸಿದರು. ಆ ಪ್ರದೇಶದ ಮೂಲಕ ಹಾದುಹೋಗುವ ಡೋಪಮೈನ್ ನರತಂತುಗಳು ಕಡಿದುಹೋಗುವುದರಿಂದಲೂ ಪ್ರಾಣಿಯು ತಿನ್ನುವುದನ್ನು ಬಿಡುತ್ತದೆ ಎಂದು ಸ್ವೀಡನ್ನಿನ ಉಂಗರ್‌ಸ್ಟೆಟ್ 1971ರಲ್ಲಿ ಪ್ರತಿಪಾದಿಸಿದರು. ಹಾಗಾದರೆ ಆನಂದ್ ಅವರು ನಾಶಪಡಿಸಿದ್ದು ಹಸಿವಿನ ನೆಲೆಯನ್ನೋ, ಅದರ ಮೂಲಕ ಸಾಗುವ ಹಾದಿಯನ್ನೋ? ಒಂದು ಕಾಲಕ್ಕೆ ಎರಡನೆಯ ಅಭಿಪ್ರಾಯವೇ ಮೇಲುಗೈ ಪಡೆಯಿತು.

ಆದರೆ 1990ರ ದಶಕದ ಕೊನೆಯಲ್ಲಿ ಚಿತ್ರ ಮತ್ತೆ ಬದಲಾಯಿತು. ಹೈಪೊಥಲಾಮಸ್‌ನ ಅದೇ ಹೊರಭಾಗದಲ್ಲಿ ಒರೆಕ್ಸಿನ್ ಎಂಬ ಪೆಪ್ಟೈಡನ್ನು ಉತ್ಪಾದಿಸುವ ನರಕೋಶಗಳಿವೆಯೆಂಬುದು 1998ರಲ್ಲಿ ಬೆಳಕಿಗೆ ಬಂದಿತು. ಹಸಿವನ್ನು ಹೆಚ್ಚಿಸುವ ಎಂ.ಸಿ.ಎಚ್. ಎಂಬ ಇನ್ನೊಂದು ಪೆಪ್ಟೈಡಿನ ನರಕೋಶಗಳೂ ಅಲ್ಲಿಯೇ ಇವೆ. ಆದ್ದರಿಂದ 1951ರ ಶೋಧವನ್ನು ಇಂದು ಅಳೆಯುವಾಗ ಎರಡು ಮಾತುಗಳನ್ನು ಒಟ್ಟಿಗೆ ಹೇಳಬೇಕಾಗುತ್ತದೆ. ತಾಣವನ್ನು ಗುರುತಿಸಿದ್ದು ಸರಿಯಾಗಿತ್ತು. ಆ ತಾಣ ಒಂಟಿಯಾಗಿ ಹಸಿವನ್ನು ಆಳುತ್ತದೆ ಎಂಬ ಸರಳ ವಿವರಣೆ ಉಳಿಯಲಿಲ್ಲ.

ರಕ್ತದಲ್ಲಿ ಹರಿಯುವ ಸಂದೇಶ

ಸರಳ ವಿವರಣೆಯ ಜಾಗವನ್ನು ತುಂಬಿದ್ದು ಹಾರ್ಮೋನುಗಳ ಶೋಧ. ಇಂಗ್ಲೆಂಡಿನ ಜಿ. ಆರ್. ಹರ್ವೆ 1959ರಲ್ಲಿ ಎರಡು ಇಲಿಗಳ ರಕ್ತಸಂಚಾರವನ್ನು ಜೋಡಿಸಿ, ಒಂದರ ತೃಪ್ತಿ ಕೇಂದ್ರವನ್ನು ನಾಶಪಡಿಸಿದರು. ಆ ಇಲಿ ತಿಂದು ಕೊಬ್ಬಿತು. ಜೊತೆಗಿದ್ದ ಆರೋಗ್ಯವಂತ ಇಲಿ ತಿನ್ನುವುದನ್ನು ಕಡಿಮೆ ಮಾಡಿ ಕೃಶವಾಯಿತು. ಕೊಬ್ಬಿದ ದೇಹದಿಂದ ಹೊರಟ ಯಾವುದೋ ವಸ್ತು ರಕ್ತದ ಮೂಲಕ ‘ಸಾಕು’ ಎಂದು ತಿಳಿಸುತ್ತಿದ್ದಿತು. ಹುಟ್ಟಿನಿಂದಲೇ ಬೊಜ್ಜು ಬರುವ ಇಲಿ ತಳಿಗಳಲ್ಲಿ ಡಗ್ಲಾಸ್ ಕೋಲ್ಮನ್ ಇದೇ ಬಗೆಯ ಪ್ರಯೋಗಗಳನ್ನು ನಡೆಸಿ ಆ ವಸ್ತುವಿನ ಇರವನ್ನು ಬಲಪಡಿಸಿದರು. ಕೊನೆಗೆ 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅದರ ವಂಶವಾಹಿಯನ್ನು ಗುರುತಿಸಿತು. ಕೊಬ್ಬಿನ ಕೋಶಗಳೇ ಸ್ರವಿಸುವ ಆ ಹಾರ್ಮೋನಿಗೆ, ತೆಳುವು ಎಂಬ ಅರ್ಥದ ಗ್ರೀಕ್ ಪದದಿಂದ, ಲೆಪ್ಟಿನ್ ಎಂಬ ಹೆಸರಾಯಿತು. ಕೆನೆಡಿಯವರ 1953ರ ಊಹೆಗೆ ಆಧಾರ ದೊರೆಯಿತು.

ಕರುಳಿನ ಹಾರ್ಮೋನಾದ ಕೊಲಿಸಿಸ್ಟೊಕೈನಿನ್ ಊಟದ ಪ್ರಮಾಣವನ್ನು ತಗ್ಗಿಸುತ್ತದೆ ಎಂಬುದು 1973ರಲ್ಲಿಯೇ ತಿಳಿದಿತ್ತು. ಭಾರತೀಯ ಮೂಲದ ಸತ್ಯ ಕಾಲ್ರಾ ಮತ್ತು ಪುಷ್ಪಾ ಕಾಲ್ರಾ ಅವರಿದ್ದ ಫ್ಲೋರಿಡಾದ ತಂಡವು 1984ರಲ್ಲಿ ನ್ಯೂರೊಪೆಪ್ಟೈಡ್ ವೈ ಎಂಬ ಮಿದುಳಿನ ಪೆಪ್ಟೈಡು ಇಲಿಗಳಲ್ಲಿ ತಿನ್ನುವ ಪ್ರವೃತ್ತಿಯನ್ನು ಬಲವಾಗಿ ಪ್ರಚೋದಿಸುವುದನ್ನು ವರದಿ ಮಾಡಿತು. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಜಠರವೇ ಸ್ರವಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಪತ್ತೆಹಚ್ಚಿದರು. ರಕ್ತದಲ್ಲಿ ಇದರ ಪ್ರಮಾಣ ಊಟಕ್ಕೆ ಮುಂಚೆ ಏರುತ್ತದೆ, ಉಂಡ ಬಳಿಕ ಇಳಿಯುತ್ತದೆ. ಜಠರ ಹಸಿವನ್ನು ಸಾರುತ್ತದೆ ಎಂಬ ಹಳೆಯ ಅನುಭವಕ್ಕೆ ಹೀಗೆ ರಾಸಾಯನಿಕ ರೂಪದಲ್ಲಿ ಮನ್ನಣೆ ದೊರೆಯಿತು. ಜಠರ ಮತ್ತು ಕರುಳುಗಳ ಸುದ್ದಿ ನರಗಳ ಮೂಲಕವೂ ರಕ್ತದ ಮೂಲಕವೂ ಹೈಪೊಥಲಾಮಸ್ ಹಾಗೂ ಮಿದುಳಕಾಂಡವನ್ನು ತಲಪುತ್ತದೆ ಎಂಬುದು ಇಂದಿನ ತಿಳಿವಳಿಕೆ. ಬೆಂಗಳೂರಿನ ಪ್ರಯೋಗಾಲಯ ಅಧ್ಯಯನ ಮಾಡಿದ್ದು ಇದರಲ್ಲಿ ಮೊದಲನೆಯ ಹಾದಿಯನ್ನು.

ಕೊರತೆಯ ನಾಡಿನಲ್ಲಿ ಹಸಿವಿನ ವಿಜ್ಞಾನ

ಲೆಪ್ಟಿನ್ ಪತ್ತೆಯಾದಾಗ ಜಗತ್ತು ಅದನ್ನು ಬೊಜ್ಜಿನ ಮದ್ದೆಂದು ಸ್ವಾಗತಿಸಿತು. ಆದರೆ ಬೊಜ್ಜುಳ್ಳ ಬಹುತೇಕರಲ್ಲಿ ಲೆಪ್ಟಿನ್ನಿನ ಕೊರತೆಯಿರುವುದಿಲ್ಲ, ಅದು ಹೆಚ್ಚಾಗಿಯೇ ಇರುತ್ತದೆ. ಉಪವಾಸದಲ್ಲಿ ಲೆಪ್ಟಿನ್ ಕುಸಿದಾಗ ದೇಹವು ಸಂತಾನೋತ್ಪತ್ತಿ, ಥೈರಾಯ್ಡ್ ಮೊದಲಾದ ಕಾರ್ಯಗಳನ್ನು ತಗ್ಗಿಸಿ ಶಕ್ತಿಯನ್ನು ಉಳಿಸುತ್ತದೆ ಎಂದು 1996ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನ ತೋರಿಸಿತು. ಲೆಪ್ಟಿನ್ನಿನ ಮುಖ್ಯ ಕೆಲಸ ಬರದ ಸುದ್ದಿಯನ್ನು ಸಾರುವುದು ಎಂಬ ಅಭಿಪ್ರಾಯ ಇದರಿಂದ ಬೆಳೆಯಿತು. ಭೀಮಾ ತೀರದಂತಹ ಬರದ ಸೀಮೆಯ ಚರಿತ್ರೆಗೂ ಹಾರ್ಮೋನುಗಳ ವಿಜ್ಞಾನಕ್ಕೂ ಸಂಬಂಧ ಕೂಡುವುದು ಇಲ್ಲಿ.

ಸೇಂಟ್ ಜಾನ್ಸ್‌ನ ಶರೀರಕ್ರಿಯಾ ವಿಭಾಗದ ಮುಂದಿನ ಕೆಲಸವೂ ಇದೇ ದಿಕ್ಕಿನಲ್ಲಿ ಸಾಗಿದ್ದು ಗಮನಾರ್ಹ. ಪ್ರಕಾಶ್ ಶೆಟ್ಟಿ ಅವರು 1980ರ ದಶಕದಲ್ಲಿ ದೀರ್ಘಕಾಲ ಅರೆಹೊಟ್ಟೆಯಲ್ಲಿ ಬದುಕಿದವರ ದೇಹವು ಕಡಿಮೆ ಆಹಾರಕ್ಕೆ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಅಧ್ಯಯನ ಮಾಡಿದರು. ವಯಸ್ಕರಲ್ಲಿ ಶಕ್ತಿಯ ಕೊರತೆಯನ್ನು ದೇಹತೂಕದ ಸೂಚ್ಯಂಕದಿಂದ ಅಳೆಯುವ ವಿಧಾನವನ್ನು ಕುರಿತು ಶೆಟ್ಟಿ ಮತ್ತು ಜೇಮ್ಸ್ ಬರೆದ ಗ್ರಂಥವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1994ರಲ್ಲಿ ಪ್ರಕಟಿಸಿತು. ಈ ಸೂಚ್ಯಂಕ 18.5ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸಲಾಗುತ್ತದೆ. ಅನೂರಾ ಕುರ್ಪಾಡ್ ಮೊದಲಾದವರು ಭಾರತೀಯರ ಪ್ರೋಟೀನ್ ಅಗತ್ಯವನ್ನು ಕುರಿತ ಸಂಶೋಧನೆಯನ್ನು ಅದೇ ಸಂಸ್ಥೆಯಲ್ಲಿ ಬೆಳೆಸಿದರು.

ಹೊಟ್ಟೆ ತುಂಬುವುದು ಬೇರೆ, ಪೋಷಣೆ ಬೇರೆ ಎಂಬ ಪಾಠವನ್ನು ಜೋಳದ ಸೀಮೆಯೇ ಕಲಿಸಿತ್ತು. ದಖ್ಖನಿನಲ್ಲಿ ಜೋಳವನ್ನೇ ನೆಚ್ಚಿದ ಬಡವರಿಗೆ ಪೆಲಾಗ್ರ ರೋಗ ತಗಲುವುದನ್ನು ಹೈದರಾಬಾದಿನಲ್ಲಿ ಅಭ್ಯಸಿಸಿದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಅದಕ್ಕೆ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಆಧಿಕ್ಯವನ್ನು ಕಾರಣವಾಗಿ ಸೂಚಿಸಿದರು. ದೋಷ ಜೋಳದ್ದೆನ್ನುವುದಕ್ಕಿಂತ, ಬೇಳೆ, ಸೊಪ್ಪು, ಹಾಲುಗಳಿಲ್ಲದೆ ಜೋಳವೊಂದನ್ನೇ ಉಣ್ಣಬೇಕಾದ ಬಡತನದ್ದು. ತುಂಬಿದ ಜಠರ ತೃಪ್ತಿಯ ಸುದ್ದಿಯನ್ನು ಕಳುಹಿಸಿದರೂ ದೇಹದ ಕೊರತೆ ಹಾಗೆಯೇ ಉಳಿಯಬಹುದು.

ಇಂದು ಪರಿಸ್ಥಿತಿಗೆ ಇನ್ನೊಂದು ಮುಖವೂ ಸೇರಿದೆ. ಕರುಳಿನ ಜಿ.ಎಲ್.ಪಿ.-1 ಹಾರ್ಮೋನನ್ನು ಅನುಕರಿಸಿ ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳು ತೂಕ ಇಳಿಸಲೆಂದು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಹಸಿವಿಗಾಗಿ ಅನ್ನವಿಲ್ಲದ ಮನೆಯೂ ಹಸಿವನ್ನೇ ತಗ್ಗಿಸಲು ಮದ್ದು ಕೊಳ್ಳುವ ಮನೆಯೂ ಒಂದೇ ಜಿಲ್ಲೆಯಲ್ಲಿರುವ ಕಾಲ ಇದು. ಎರಡು ಮನೆಗಳಲ್ಲಿಯೂ ಕೆಲಸ ಮಾಡುವ ನರಕೋಶಗಳೂ ಹಾರ್ಮೋನುಗಳೂ ಒಂದೇ.

ಈ ಚರಿತ್ರೆಯಿಂದ ದೊರೆಯುವ ಮುಖ್ಯ ಲಾಭವೆಂದರೆ ಹಸಿವಿನ ಮೇಲಿದ್ದ ನೈತಿಕ ತೀರ್ಪು ಸಡಿಲಗೊಂಡಿರುವುದು. ಹೆಚ್ಚು ಉಣ್ಣುವವನನ್ನು ಹೊಟ್ಟೆಬಾಕನೆಂದೂ ಉಣ್ಣದ ಮಗುವನ್ನು ಹಟಮಾರಿಯೆಂದೂ ಲೋಕ ಕರೆಯುತ್ತ ಬಂದಿದೆ. ಜ್ವರದಿಂದೆದ್ದ ಮಗು ರೊಟ್ಟಿಯನ್ನು ದೂಡಿದಾಗ ಉತ್ತರ ಕರ್ನಾಟಕದ ತಾಯಿ ‘ಊಟ ಸೇರವಲ್ದು’ ಎನ್ನುತ್ತಾಳೆ. ಆ ಮಾತಿನಲ್ಲಿ ಮಗುವಿನ ಮೇಲೆ ದೂರಿಲ್ಲ, ಸೇರದಿರುವುದು ಊಟ. ಸೋಂಕಿನ ವೇಳೆ ದೇಹದ ರಕ್ಷಣಾ ಕೋಶಗಳು ಸ್ರವಿಸುವ ವಸ್ತುಗಳು ಮಿದುಳಿನ ಮೇಲೆ ಪರಿಣಾಮ ಬೀರಿ ಹಸಿವನ್ನು ಅಡಗಿಸುತ್ತವೆ ಎಂದು ವಿಜ್ಞಾನ ಇಂದು ವಿವರಿಸುತ್ತದೆ. ಹಸಿವು ವ್ಯಕ್ತಿಯ ಗುಣದೋಷವಲ್ಲ, ದೇಹ ಮತ್ತು ಮಿದುಳುಗಳ ನಡುವಿನ ಸಂದೇಶ ಎಂಬ ಆ ತಾಯಿಯ ತಿಳಿವಳಿಕೆಯನ್ನು ಪ್ರಯೋಗದಿಂದ ದೃಢಪಡಿಸಿದ ಪರಂಪರೆಯಲ್ಲಿ ದೆಹಲಿಯ ಆನಂದ್ ಅವರಿಗೂ ಬೆಂಗಳೂರಿನಲ್ಲಿ ದುಡಿದ ಶರ್ಮಾ ದಂಪತಿ ಮತ್ತು ಸಂಗಡಿಗರಿಗೂ ಸ್ಥಾನವಿದೆ.